ಬಣ್ಣ ಬಳಿದ್ರೆ ಗೋಡೆ ಒಣಗ್ತು ಅಂತಲ್ಲ: ರಿಜಿಸ್ಟ್ರೇಷನ್‌ಗೆ ಮುಂಚೆ ಇನ್ನೊಂದ್ಸಲ ಹೋಗಿ ನೋಡಿ

ಇವತ್ತಿನ ವಿಷಯ ನಮ್ಮ ಮನೇಲೇ ನಡೆದಿದ್ದು. ಅಕ್ಕನ ಪರ್ಮಿಷನ್ ತಗೊಂಡೇ ಹೇಳ್ತಿದ್ದೀನಿ. ಭಾವನ ಪರ್ಮಿಷನ್ ಕೇಳಿಲ್ಲ, ಅವರು ಪಾಡ್‌ಕಾಸ್ಟ್ ಕೇಳಲ್ಲ.

ಹೋದ ನವೆಂಬರ್‌ನಲ್ಲಿ ಒಂದು ಭಾನುವಾರ ಅಕ್ಕ ನಂಗೊಂದು ಫೋಟೋ ಕಳಿಸಿದ್ಲು. ಬೆಳ್ಳಗಿರೋ ಒಂದು ಗೋಡೆ, ಅಷ್ಟೇ. ಕೆಳಗೆ, "ಸರಿ ಮಾಡಿಸಿದ್ದಾರಂತೆ ಕಣೋ. ಗುರುವಾರ ರಿಜಿಸ್ಟ್ರೇಷನ್. ಓಕೆ ಅಲ್ವಾ?" ಅಂತ ಮೆಸೇಜ್.

ನಿಜ ಹೇಳ್ಬೇಕಂದ್ರೆ ಥಂಬ್ಸ್ ಅಪ್ ಒತ್ತಿ ಮಲಗೋಕೆ ಹೊರಟಿದ್ದೆ. ಭಾನುವಾರ ರಾತ್ರಿ ಯಾರಿಗೆ ಬೇಕು ಗೋಡೆ ವಿಚಾರ? ಆದರೆ ಆ ಗೋಡೆಯನ್ನ ನಾನು ಸೆಪ್ಟೆಂಬರ್‌ನಲ್ಲಿ ಕಣ್ಣಾರೆ ನೋಡಿದ್ದೆ. ಆಗ ಅದು ಗೋಡೆ ಥರ ಇರ್ಲಿಲ್ಲ, ಭೂಪಟದ ಥರ ಇತ್ತು.

ಸ್ವಲ್ಪ ಹಿಂದೆ ಹೋಗೋಣ. ಅಕ್ಕ-ಭಾವ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ಹಳೇ ಫ್ಲ್ಯಾಟ್ ನೋಡಿದ್ರು. ಎರಡು ಬೆಡ್‌ರೂಮ್, ಹದಿನೈದು ವರ್ಷದ ಕಟ್ಟಡ, 68 ಲಕ್ಷ ರೂಪಾಯಿ. ಕಾಗದಪತ್ರ ವಕೀಲರು ನೋಡಿದ್ರು, ಖಾತಾ ಸರಿ ಇತ್ತು, ಮೇಂಟೆನೆನ್ಸ್ ಬಾಕಿ ಇರ್ಲಿಲ್ಲ. ಮಳೆಗಾಲ ಆಗಿದ್ರಿಂದ ಮನೆಯ ಕಾಯಿಲೆ ಎಲ್ಲ ಎದ್ದು ಕಾಣ್ತಿತ್ತು. (ಮನೆ ನೋಡೋಕೆ ಮಳೆಗಾಲದಲ್ಲೇ ಹೋಗಿ. ಬೇಸಿಗೆಯಲ್ಲಿ ಎಲ್ಲಾ ಮನೇನೂ ಚೆನ್ನಾಗಿರುತ್ತೆ.) ಒಬ್ಬ ಇನ್‌ಸ್ಪೆಕ್ಟರ್‌ನ ಕರೆಸಿದ್ವಿ. ಸಿವಿಲ್ ಓದಿರೋ ಹುಡುಗ, ಒಂದು ಬ್ಯಾಗ್ ತುಂಬ ಸಾಮಾನು ಹೊತ್ತುಕೊಂಡು ಬಂದ. ಮೂರು ಗಂಟೆ ನೋಡಿ ಒಂದು ರಿಪೋರ್ಟ್ ಕೊಟ್ಟ. ಅದರಲ್ಲಿ ಮುಖ್ಯವಾದದ್ದು ಮೂರು: ಬಾತ್‌ರೂಮ್ ಪಕ್ಕದ ಬೆಡ್‌ರೂಮ್ ಗೋಡೆ ತೇವ, ಅಡುಗೆಮನೆಯ ಪವರ್ ಪಾಯಿಂಟ್‌ಗೆ ಅರ್ಥಿಂಗ್ ಇಲ್ಲ, ಬಾಲ್ಕನಿಯ ಇಳಿಜಾರು ಉಲ್ಟಾ, ಅಂದ್ರೆ ನೀರು ಜಾಲರಿ ಕಡೆ ಹೋಗೋ ಬದಲು ಹಾಲ್ ಕಡೆ ಬರ್ತಿದೆ.

ಮಾಲೀಕರು ಒಳ್ಳೇ ಮನುಷ್ಯರು. ನಿವೃತ್ತರು, ನಾವೆಲ್ಲ ಅಂಕಲ್ ಅಂತಾನೇ ಕರೀತಿದ್ವಿ. ರಿಪೋರ್ಟ್ ನೋಡಿ, "ಇಷ್ಟೇ ತಾನೇ, ರಿಜಿಸ್ಟ್ರೇಷನ್ ಒಳಗೆ ಮಾಡಿಸಿಕೊಡ್ತೀನಿ" ಅಂದ್ರು. ಆರು ಲಕ್ಷ ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡ್ವಿ. ಕರಾರಿನಲ್ಲಿ ಒಂದು ಸಾಲು ಸೇರಿಸಿದ್ವಿ: "ಪಟ್ಟಿಯಲ್ಲಿರುವ ರಿಪೇರಿಗಳನ್ನು ಮಾಲೀಕರು ಮಾಡಿಸತಕ್ಕದ್ದು." ಅಲ್ಲೇ ನಾವು ತಪ್ಪಿದ್ದು. ಅದನ್ನ ಆಮೇಲೆ ಹೇಳ್ತೀನಿ.

ಈಗ ನವೆಂಬರ್‌ಗೆ ಬನ್ನಿ. ಗುರುವಾರ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸ್ಲಾಟ್ ಬುಕ್ ಆಗಿದೆ. ಬ್ಯಾಂಕಿನವರು ಡಿಡಿ ರೆಡಿ ಮಾಡ್ತಿದ್ದಾರೆ. ಬಾಡಿಗೆ ಮನೆಗೆ ಅಕ್ಕ ಆಗಲೇ ನೋಟಿಸ್ ಕೊಟ್ಟಾಗಿದೆ, ತಿಂಗಳ ಕೊನೆಗೆ ಖಾಲಿ ಮಾಡ್ಬೇಕು. ಪ್ಯಾಕರ್ಸ್‌ಗೆ ಅಡ್ವಾನ್ಸ್ ಹೋಗಿದೆ. ಗೃಹಪ್ರವೇಶಕ್ಕೆ ಅಮ್ಮ ಊರಿಂದ ಪುರೋಹಿತರ ಹತ್ರ ದಿನ ಕೇಳಿಟ್ಟಿದ್ದಾರೆ. ಇಷ್ಟೆಲ್ಲಾ ಬೆನ್ನಿಗಿರೋವಾಗ ಒಂದು ಬಿಳೀ ಗೋಡೆ ಫೋಟೋ ಬಂದ್ರೆ ಯಾರಾದ್ರೂ ನಂಬೋಕೇ ನೋಡ್ತಾರೆ.

ನಾನು ಓದಿದ್ದು ಬಿಕಾಂ. ಅದರಲ್ಲಿ ಆಡಿಟಿಂಗ್ ಪೇಪರ್‌ನಲ್ಲಿ ವೌಚಿಂಗ್ ಮತ್ತು ವೆರಿಫಿಕೇಷನ್ ನಡುವಿನ ವ್ಯತ್ಯಾಸ ಬರೀರಿ ಅಂತ ಒಂದು ಪ್ರಶ್ನೆ ಬಂದೇ ಬರ್ತಿತ್ತು. ಬಾಯಿಪಾಠ ಮಾಡಿ ಬರೆದು ಮರೆತಿದ್ದೆ. ವೌಚಿಂಗ್ ಅಂದ್ರೆ ಲೆಕ್ಕಕ್ಕೆ ಬಿಲ್ ಇದೆಯಾ ಅಂತ ನೋಡೋದು. ವೆರಿಫಿಕೇಷನ್ ಅಂದ್ರೆ ಆ ಬಿಲ್ ಹೇಳ್ತಿರೋ ವಸ್ತು ನಿಜವಾಗ್ಲೂ ಇದೆಯಾ, ಯಾವ ಸ್ಥಿತೀಲಿದೆ ಅಂತ ಹೋಗಿ ನೋಡೋದು. ಅಕ್ಕನ ಹತ್ರ ಫೋಟೋ ಇತ್ತು. ಪ್ಲಂಬರ್ ಕೊಟ್ಟ 14,000 ರೂಪಾಯಿ ಬಿಲ್ಲೂ ಇತ್ತು. ಅಂದ್ರೆ ವೌಚಿಂಗ್ ಮುಗಿದಿತ್ತು.

"ನಾಳೆ ಸಂಜೆ ಹೋಗಿ ನೋಡ್ಕೊಂಡು ಬರೋಣ" ಅಂದೆ. ಭಾವ ಫೋನ್ ತಗೊಂಡು, "ಬೇಡ ಕಣೋ, ಅವರು ಬೇಜಾರು ಮಾಡ್ಕೋತಾರೆ. ಬಿಲ್ಲೂ ಕಳಿಸಿದ್ದಾರಲ್ಲ" ಅಂದ್ರು. ನಮ್ಮಲ್ಲಿ ಈ ಸಂಕೋಚ ದೊಡ್ಡದು. ತರಕಾರಿ ಅಂಗಡೀಲಿ ಬೆಂಡೇಕಾಯಿ ತುದಿ ಮುರಿದು ನೋಡ್ತೀವಿ, 68 ಲಕ್ಷದ ಮನೇಲಿ ಗೋಡೆ ಮುಟ್ಟೋಕೆ ನಾಚಿಕೆ. ನನ್ನ ಚಿಕ್ಕಪ್ಪನ ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಅಲ್ಲಿ ಮನೆ ಕೈ ಬದಲಾಗೋ ದಿನವನ್ನ ಕ್ಲೋಸಿಂಗ್ ಅಂತಾರೆ. ಅದಕ್ಕೆ ಒಂದೆರಡು ದಿನ ಮುಂಚೆ ಮನೆಯನ್ನ ಇನ್ನೊಂದ್ಸಲ ಸುತ್ತಿ ನೋಡೋದು, ರಿಪೇರಿ ಮಾಡಿಸಿದ್ರೆ ಮತ್ತೆ ಇನ್‌ಸ್ಪೆಕ್ಷನ್ ಮಾಡಿಸೋದು ಅಲ್ಲಿ ಮಾಮೂಲಿ, ಯಾರೂ ಬೇಜಾರು ಮಾಡ್ಕೊಳ್ಳಲ್ವಂತೆ. ಇಲ್ಲಿ ಎರಡನೇ ಸಲ ಹೋದ್ರೆ "ನನ್ನ ಮೇಲೆ ನಂಬಿಕೆ ಇಲ್ವಾ?"

ಸೋಮವಾರ ಸಂಜೆ ನಾನು, ಅಕ್ಕ, ಆ ಇನ್‌ಸ್ಪೆಕ್ಟರ್ ಹುಡುಗ ಮೂವರೂ ಹೋದ್ವಿ. ಮೊದಲ ಸಲ ನೋಡಿದವನನ್ನೇ ಕರ್ಕೊಂಡು ಹೋಗಿ, ಹೊಸಬರನ್ನಲ್ಲ. ಯಾವ ಜಾಗ, ಎಷ್ಟು ಎತ್ತರ, ಮುಂಚೆ ಹೇಗಿತ್ತು, ಎಲ್ಲಾ ಅವನ ರಿಪೋರ್ಟಲ್ಲೇ ಇರುತ್ತೆ. ಎರಡನೇ ಭೇಟಿಗೆ ಫೀಸ್ ಎಷ್ಟು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಗೋಡೆ ಚೆನ್ನಾಗಿ ಕಾಣ್ತಿತ್ತು. ಪುಟ್ಟಿ, ಪ್ರೈಮರ್, ಎರಡು ಕೋಟ್ ಪೇಂಟ್. ಅಂಗೈ ಇಟ್ಟು ನೋಡಿದ್ರೆ ಪಕ್ಕದ ಗೋಡೆಗಿಂತ ತಣ್ಣಗಿತ್ತು. ಅಷ್ಟು ಸಾಕಾಗಲ್ಲ, ಕೈ ಸುಳ್ಳು ಹೇಳ್ಬಹುದು. ಹುಡುಗ ತೇವಾಂಶ ಅಳೆಯೋ ಮೀಟರ್ ತೆಗೆದ, ಎರಡು ಸೂಜಿ ಇರೋದು. ಆ ಗೋಡೆಯಲ್ಲಿ 38 ತೋರಿಸ್ತು. ಹಾಲ್ ಗೋಡೆಯಲ್ಲಿ 9. ಇಲ್ಲೊಂದು ವಿಷಯ ಗಮನಿಸಿ: ಇಂಥ ಕಡಿಮೆ ಬೆಲೆಯ ಮೀಟರ್‌ಗಳು ಸಾಮಾನ್ಯವಾಗಿ ಮರದ ತೇವ ಅಳೆಯೋಕೆ ಹೊಂದಿಸಿರೋವು. ಗಾರೆ ಗೋಡೆಗೆ ಚುಚ್ಚಿದಾಗ ಬರೋ 38 ಅನ್ನೋ ಅಂಕಿಗೆ ಅದರಷ್ಟಕ್ಕೆ ಅರ್ಥ ಇಲ್ಲ. ಅದೇ ಮನೆಯ ಒಣ ಗೋಡೆ ಜೊತೆ ಹೋಲಿಸಿದ್ರೆ ಮಾತ್ರ ಅರ್ಥ. 9ರ ಪಕ್ಕದಲ್ಲಿ 38 ಅಂದ್ರೆ ಗೋಡೆ ಒಳಗೆ ನೀರಿದೆ ಅಂತ.

ವಾರ್ಡ್‌ರೋಬ್‌ನ ಕೆಳಗಿನ ಖಾನೆ ತೆಗೆದು ಮೊಬೈಲ್ ಟಾರ್ಚ್ ಬಿಟ್ಟೆ. ಹಿಂದಿನ ಗೋಡೆಗೆ ಪೇಂಟ್ ಆಗಿರ್ಲಿಲ್ಲ. ಉಪ್ಪು ಉದುರಿದ ಹಾಗೆ ಬಿಳೀ ಪುಡಿ. ಗಾರೆ ಒಳಗಿರೋ ಲವಣ ನೀರಿನ ಜೊತೆ ಹೊರಗೆ ಬಂದು, ನೀರು ಆರಿದ ಮೇಲೆ ಹಾಗೆ ನಿಲ್ಲುತ್ತೆ. ಪೇಂಟ್ ಮಾಡೋರು ಕೈ ಎಟುಕೋ ಕಡೆ ಮಾಡ್ತಾರೆ, ಅದಕ್ಕೇ ನೀವು ಕೈ ಎಟುಕದ ಕಡೆ ನೋಡ್ಬೇಕು.

ನಂಗೆ ಆಗ ಅನ್ನಿಸಿದ್ದು, ಅಂಕಲ್ ಮೋಸ ಮಾಡಿದ್ರು ಅಂತ. ಅಕ್ಕನ ಮುಖ ಕೆಂಪಾಗಿತ್ತು. ಆದರೆ ಬಾತ್‌ರೂಮ್ ಒಳಗೆ ಹೋಗಿ ನೋಡಿದ್ರೆ ಕೆಲಸ ನಿಜವಾಗ್ಲೂ ಆಗಿತ್ತು! ಟೈಲ್ಸ್ ಸಂದಿಯ ಹಳೇದನ್ನೆಲ್ಲ ಕೆರೆದು ಹೊಸದಾಗಿ ತುಂಬಿದ್ರು. ನೆಲದ ಜಾಲರಿ ಸುತ್ತ ಸೀಲ್ ಮಾಡಿದ್ರು. 14,000ದ ಬಿಲ್ ಸುಳ್ಳಲ್ಲ. ಹಾಗಾದ್ರೆ ತೇವ ಎಲ್ಲಿಂದ?

ಹುಡುಗ ಜಾಲರಿಗೆ ಹಳೇ ಬಟ್ಟೆ ತುರುಕಿ, ನೆಲದ ಮೇಲೆ ಎರಡಿಂಚು ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದ. ಬಾಗಿಲು ಹಾಕಿ ಬಂದ್ವಿ. ಇಪ್ಪತ್ನಾಲ್ಕು ಗಂಟೆ ಬಿಟ್ಟು ಮಂಗಳವಾರ ಸಂಜೆ ನೋಡಿದ್ರೆ ನೀರು ಗೆರೆ ಹತ್ರಾನೇ ಇತ್ತು. ಕೆಳಗಿನ ಮನೆಯ ಆಂಟಿ ಹತ್ರ ಕೇಳಿ ಅವರ ಬಾತ್‌ರೂಮ್ ಸೀಲಿಂಗ್ ನೋಡಿದ್ವಿ, ಒಂದು ಹನೀನೂ ಇಲ್ಲ. ಅಂದ್ರೆ ನೆಲ ಗಟ್ಟಿಯಾಗಿದೆ, ನೆಲದಿಂದ ಸೋರ್ತಿಲ್ಲ. ಪ್ಲಂಬರ್ ಮಾಡಿದ ರಿಪೇರಿ ಸರಿಯಾಗೇ ಇತ್ತು. ಆದರೆ ಆ ರಿಪೇರಿ ಬೇಕಾಗೇ ಇರ್ಲಿಲ್ಲ.

ಉಳಿದಿದ್ದು ಗೋಡೆ ಒಳಗಿನ ಪೈಪ್. ಅಂಕಲ್‌ಗೆ ಫೋನ್ ಮಾಡಿದ್ವಿ. ಅವರು ನಿಜಕ್ಕೂ ಕೋಪ ಮಾಡ್ಕೊಂಡ್ರು. "ಗುರುವಾರ ರಿಜಿಸ್ಟ್ರೇಷನ್ ಇಟ್ಕೊಂಡು ಈಗ ಹೇಳ್ತೀರಲ್ಲಮ್ಮ, ನಾನು ದುಡ್ಡು ಕೊಟ್ಟು ಮಾಡಿಸಿಲ್ವಾ?" ಅಂದ್ರು. ಅವರ ಕಡೆಯಿಂದ ನೋಡಿದ್ರೆ ಅದೂ ನ್ಯಾಯವೇ. ಬ್ರೋಕರ್ ಅಂತೂ ಭಾವನಿಗೆ ಹತ್ತು ಸಲ ಫೋನ್ ಮಾಡಿ, "ಸರ್, ಹಳೇ ಮನೆ ಅಂದ್ಮೇಲೆ ಸಣ್ಣಪುಟ್ಟದ್ದು ಇರುತ್ತೆ, ಆಮೇಲೆ ನೋಡ್ಕೊಳ್ಳೋಣ" ಅಂದ. ಈ "ಆಮೇಲೆ" ಇದೆಯಲ್ಲಾ, ಬ್ರೋಕರ್‌ಗೆ ಅದರ ಬೆಲೆ ಸೊನ್ನೆ. ಕಮಿಷನ್ ರಿಜಿಸ್ಟ್ರೇಷನ್ ದಿನವೇ ಸಿಗುತ್ತೆ.

ಬುಧವಾರ ಅಂಕಲ್ ತಮ್ಮ ಪ್ಲಂಬರ್‌ನ ಕಳಿಸಿದ್ರು. ಎಲ್ಲಾ ನಲ್ಲಿ ಬಂದ್ ಮಾಡಿ, ಪೈಪ್ ಲೈನ್‌ಗೆ ಒಂದು ಕೈ ಪಂಪ್ ಜೋಡಿಸಿದ, ಅದಕ್ಕೆ ಒಂದು ಗೇಜ್ ಇರುತ್ತೆ. ಒತ್ತಡ ಏರಿಸಿ ಬಿಟ್ಟು, ಮುಳ್ಳು ನಿಲ್ಲುತ್ತಾ ನೋಡ್ಬೇಕು. ತಣ್ಣೀರಿನ ಲೈನ್ ನಿಂತ್ಕೊಳ್ತು. ಬಿಸಿನೀರಿನ ಲೈನ್‌ನಲ್ಲಿ ಮುಳ್ಳು ನಿಧಾನಕ್ಕೆ, ಗಡಿಯಾರದ ನಿಮಿಷದ ಮುಳ್ಳಿನ ಥರ, ಕೆಳಗೆ ಬರ್ತಾ ಹೋಯ್ತು. ಇಪ್ಪತ್ತು ನಿಮಿಷ ನಾವು ನಾಲ್ಕು ಜನ ಬಾತ್‌ರೂಮಲ್ಲಿ ಮಾತಾಡದೆ ಆ ಮುಳ್ಳು ನೋಡ್ತಾ ನಿಂತಿದ್ವಿ. ಆಮೇಲೆ ಪ್ಲಂಬರ್ ತಾನೇ ಅಂದ: "ಗೀಸರ್ ಲೈನ್ ಸಾರ್. ಎಲ್ಬೋ ಹೋಗಿದೆ."

ಗುರುವಾರದ ಸ್ಲಾಟ್ ಕ್ಯಾನ್ಸಲ್ ಮಾಡಿದ್ವಿ. ಅವತ್ತು ಅಕ್ಕ-ಭಾವ ಒಬ್ಬರ ಹತ್ರ ಒಬ್ಬರು ಸರಿಯಾಗಿ ಮಾತಾಡ್ಲಿಲ್ಲ.

ಯಾಕೆ ಇಷ್ಟು ಹಟ ಅಂತ ನೀವು ಕೇಳ್ಬಹುದು. ಸ್ವಲ್ಪ ಲೆಕ್ಕ ಮಾಡೋಣ, ನಂಗೆ ಇಷ್ಟ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ 5%. ಆ ಶುಲ್ಕದ ಮೇಲೆ 10% ಸೆಸ್, ನಗರದಲ್ಲಾದ್ರೆ 2% ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. 68 ಲಕ್ಷಕ್ಕೆ ಲೆಕ್ಕ ಹಾಕಿದ್ರೆ 3,80,800 ಪ್ಲಸ್ 1,36,000, ಒಟ್ಟು 5,16,800 ರೂಪಾಯಿ. ಇದು ಒಂದ್ಸಲ ಕಟ್ಟಿ ಕ್ರಯಪತ್ರಕ್ಕೆ ಸಹಿ ಬಿದ್ರೆ ಮುಗೀತು. ಬೆಳಗ್ಗೆ ಹತ್ತು ಗಂಟೆವರೆಗೂ ನಿಮ್ಮ ಫೋನ್ ಎತ್ತುತ್ತಿದ್ದ ಮಾಲೀಕರು ಮಧ್ಯಾಹ್ನದ ಮೇಲೆ ಎತ್ತಬೇಕಾದ ಅಗತ್ಯ ಇರಲ್ಲ.

ಕಾನೂನು ಇಲ್ವಾ? ಇದೆ. ಆಸ್ತಿ ವರ್ಗಾವಣೆ ಕಾಯ್ದೆ 1882ರದ್ದು. ಅದರ 55ನೇ ಸೆಕ್ಷನ್ ಪ್ರಕಾರ ಆಸ್ತಿಯಲ್ಲಿರೋ ದೊಡ್ಡ ದೋಷ ಮಾರೋರಿಗೆ ಗೊತ್ತಿದ್ದು, ಕೊಳ್ಳೋರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕಾಣದ ಹಾಗಿದ್ರೆ, ಅದನ್ನ ಮಾರೋರು ಹೇಳ್ಲೇಬೇಕು. ಈಗ ನಮ್ಮ ಕೇಸ್ ನೋಡಿ. ನಾವೇ ಇನ್‌ಸ್ಪೆಕ್ಷನ್ ಮಾಡಿಸಿದ್ವಿ, ನಾವೇ ಪಟ್ಟಿ ಕೊಟ್ವಿ. ಅಂದ್ರೆ ನಮಗೆ ಗೊತ್ತಿತ್ತು! ಗೊತ್ತಿದ್ದ ದೋಷವನ್ನ ಮುಚ್ಚಿಟ್ಟರು ಅಂತ ಆಮೇಲೆ ಹೇಳೋದು ಕಷ್ಟ. ಚೆನ್ನಾಗಿ ಪರೀಕ್ಷೆ ಮಾಡಿದವರಿಗೇ ಈ ಸೆಕ್ಷನ್ ಕಡಿಮೆ ಸಹಾಯ ಮಾಡುತ್ತೆ. ಆಗ ಉಳಿಯೋದು ಕರಾರಿನಲ್ಲಿ ಬರೆದ ಮಾತು ಮಾತ್ರ.

ಬಿಲ್ಡರ್ ಹತ್ರ ಹೊಸ ಫ್ಲ್ಯಾಟ್ ತಗೊಳ್ಳೋರ ಸ್ಥಿತಿ ಇದಕ್ಕಿಂತ ವಾಸಿ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ದೋಷ, ಕೆಲಸದ ಗುಣಮಟ್ಟದ ದೋಷ ತೋರಿಸಿಕೊಟ್ರೆ 30 ದಿನದಲ್ಲಿ ದುಡ್ಡಿಲ್ಲದೆ ಸರಿ ಮಾಡಿಕೊಡ್ಬೇಕು ಅಂತಿದೆ. ಆದ್ರೂ ಕೀ ತಗೊಳ್ಳೋವಾಗ "ಎಲ್ಲವೂ ತೃಪ್ತಿಕರವಾಗಿದೆ" ಅಂತ ಅಚ್ಚಾಗಿರೋ ಕಾಗದಕ್ಕೆ ಹಾಗೇ ಸಹಿ ಹಾಕ್ಬೇಡಿ. ಬಾಕಿ ಇರೋದನ್ನ ಅಲ್ಲೇ ಪೆನ್ನಲ್ಲಿ ಬರೆದು ಸಹಿ ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಅರ್ಥಿಂಗ್ ವಿಷಯ. ಸೋಮವಾರ ಹೋದಾಗ ಅಂಕಲ್‌ರ ಎಲೆಕ್ಟ್ರಿಷಿಯನ್ ಅಲ್ಲೇ ಇದ್ದ. ಬೋರ್ಡ್‌ನಲ್ಲಿರೋ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಕರೆಂಟ್ ಹೋದ ಕೂಡಲೇ, "ನೋಡಿ ಮೇಡಂ, ಪರ್ಫೆಕ್ಟ್" ಅಂದ. ಅಕ್ಕನಿಗೆ ಖುಷಿ. ನಮ್ಮ ಹುಡುಗ ನಕ್ಕ. ಆ ಬಟನ್ ಪರೀಕ್ಷೆ ಮಾಡೋದು ಆ ಸಾಧನವನ್ನ ಮಾತ್ರ. ಮನೇಲಿ ಅರ್ಥಿಂಗ್ ವೈರೇ ಇಲ್ದಿದ್ರೂ ಬಟನ್ ಒತ್ತಿದಾಗ ಅದು ಟ್ರಿಪ್ ಆಗುತ್ತೆ. ಸಾಕೆಟ್‌ಗೆ ಹಾಕೋ, ಮೂರು ದೀಪ ಇರೋ ಸಣ್ಣ ಟೆಸ್ಟರ್ ಸಿಗುತ್ತೆ, ಅದನ್ನ ಹಾಕಿ ನೋಡ್ಬೇಕು. ಅದನ್ನೂ ಪೂರ್ತಿ ನಂಬೋ ಹಾಗಿಲ್ಲ. ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಹಾಕಿ ಸೇರಿಸಿಬಿಡ್ತಾರೆ. ಟೆಸ್ಟರ್ ಎಲ್ಲಾ ಸರಿ ಅನ್ನುತ್ತೆ. ನಾಳೆ ನ್ಯೂಟ್ರಲ್ ವೈರ್ ಎಲ್ಲಾದ್ರೂ ಕಟ್ ಆದ್ರೆ ಫ್ರಿಜ್ಜಿನ ಮೈಗೇ ಕರೆಂಟ್ ಬರುತ್ತೆ. ಅದಕ್ಕೆ ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಲೇ ಸಾಕೆಟ್ ಪ್ಲೇಟ್ ಬಿಚ್ಚಿಸಿ ನೋಡಿ. ನೀವೇ ಬಿಚ್ಚಬೇಡಿ, ದಯವಿಟ್ಟು. ನಮ್ಮ ಕೇಸಲ್ಲಿ ಬಿಚ್ಚಿಸಿದ್ರೆ ಹಸಿರು ವೈರ್ ಸರಿಯಾಗಿ ಬೋರ್ಡ್ ತನಕ ಎಳೆದಿದ್ದ. ಕೆಲಸ ಚೆನ್ನಾಗಿ ಮಾಡಿದ್ದ, ತೋರಿಸಿದ ರೀತಿ ತಪ್ಪು ಅಷ್ಟೇ. ಅವನ ನಂಬರ್ ಈಗ ನನ್ನ ಫೋನಲ್ಲಿದೆ.

ಶುಕ್ರವಾರ ಪ್ಲಂಬರ್ ಬಂದು ಎರಡು ಟೈಲ್ಸ್ ಒಡೆದು ಎಲ್ಬೋ ಬದಲಾಯಿಸಿದ. ಈ ಸಲ ಅಕ್ಕ ಒಂದು ಷರತ್ತು ಹಾಕಿದ್ಲು: ಟೈಲ್ಸ್ ಮುಚ್ಚೋ ಮುಂಚೆ ನಂಗೆ ತೋರಿಸ್ಬೇಕು. ಆಫೀಸಿಂದ ಅರ್ಧ ದಿನ ರಜೆ ಹಾಕಿ ಹೋಗಿ, ಮತ್ತೆ ಪಂಪ್ ಹಾಕಿಸಿ, ಮುಳ್ಳು ನಿಂತಿರೋದನ್ನ ವಿಡಿಯೋ ಮಾಡ್ಕೊಂಡ್ಲು. ಮುಚ್ಚಿದ ಮೇಲೆ ಯಾರೂ ನೋಡೋಕಾಗಲ್ಲ.

ಹಾಗಂತ ಗೋಡೆ ಶನಿವಾರ ಒಣಗಲ್ಲ. ನೀರು ಕುಡಿದ ಗೋಡೆ ಆರೋಕೆ ವಾರಗಟ್ಟಲೆ ಬೇಕು, ಮೇಲೆ ಪೇಂಟ್ ಬಿದ್ದಿದ್ರೆ ಇನ್ನೂ ನಿಧಾನ. ಪೇಂಟ್ ಕೆರೆಸಿ, ಫ್ಯಾನ್ ಹಾಕಿ ಬಿಟ್ವಿ. ಒಂದು ವಾರಕ್ಕೆ ಮೀಟರ್ 29 ತೋರಿಸ್ತು. ಹೊಸ ಸ್ಲಾಟ್ ಸಿಕ್ಕಿದ್ದು ಮೊದಲಿನ ಗುರುವಾರದಿಂದ ಹನ್ನೆರಡನೇ ದಿನ, ಮಂಗಳವಾರ. ಹಿಂದಿನ ಸಂಜೆ ನೋಡಿದ್ರೆ 24. ಇಳೀತಿತ್ತು, ಆದರೆ ಒಣಗಿರ್ಲಿಲ್ಲ. ಬಾಡಿಗೆ ಮನೆ ಖಾಲಿ ಮಾಡೋ ದಿನ ಹತ್ರ ಬಂದಿತ್ತು, ಇನ್ನು ಕಾಯೋ ಹಾಗಿರ್ಲಿಲ್ಲ. ಆಗ ವಕೀಲರೇ ಒಂದು ದಾರಿ ಹೇಳಿದ್ರು. ಕೊನೇ ಕಂತಿನಲ್ಲಿ 50,000 ರೂಪಾಯಿಗೆ ಬೇರೆ ಚೆಕ್, ಅದು ವಕೀಲರ ಹತ್ರ ಇರೋದು, ಗೋಡೆ ಹಾಲ್ ಗೋಡೆಯ ಹತ್ರ ಹತ್ರ ಬಂದ ಮೇಲೆ ಅವರು ಅಂಕಲ್‌ಗೆ ಕೊಡೋದು. ಇದಕ್ಕೆ ಇಬ್ಬರೂ ಸಹಿ ಮಾಡಿದ ಒಂದು ಪತ್ರ. ಅಂಕಲ್ ಎರಡು ನಿಮಿಷ ಸುಮ್ಮನೆ ಕೂತು ಸಹಿ ಮಾಡಿದ್ರು. ನೀವು ಇಂಥದ್ದು ಮಾಡೋದಾದ್ರೆ ಇಂಟರ್ನೆಟ್‌ನಿಂದ ಕಾಪಿ ಹೊಡೀಬೇಡಿ, ನಿಮ್ಮ ವಕೀಲರ ಕೈಲೇ ಬರೆಸಿ. ಕ್ರಯಪತ್ರದಲ್ಲಿ ಹಣ ಸಂದಾಯ ಆದ ವಿವರ ಇರುತ್ತೆ, ಅದಕ್ಕೂ ಈ ಪತ್ರಕ್ಕೂ ತಾಳೆ ಆಗ್ಬೇಕು.

ಈಗ ಆ ಕರಾರಿನ ಸಾಲಿಗೆ ಬರೋಣ. "ರಿಪೇರಿಗಳನ್ನು ಮಾಡಿಸತಕ್ಕದ್ದು" ಅಂತ ಬರೆದಿದ್ವಿ ಅಲ್ವಾ? ಅಂಕಲ್ ಮಾಡಿಸಿದ್ರು. ಆ ಸಾಲಿನ ಪ್ರಕಾರ ಅವರು ಮಾತು ಉಳಿಸಿಕೊಂಡಿದ್ರು! ನಾವು ಬರೀಬೇಕಿದ್ದದ್ದು ಹೀಗೆ: ತೇವದ ಮೂಲವನ್ನ ಪ್ರೆಶರ್ ಟೆಸ್ಟ್ ಮಾಡಿಸಿ ಪತ್ತೆ ಹಚ್ಚಬೇಕು, ಮುಚ್ಚೋ ಮುಂಚೆ ಕೊಳ್ಳೋರಿಗೆ ತೋರಿಸ್ಬೇಕು, ರಿಜಿಸ್ಟ್ರೇಷನ್‌ಗೆ ಮೂರು ವಾರ ಮುಂಚೆ ಮುಗಿಸ್ಬೇಕು, ಕೊಳ್ಳೋರ ಕಡೆಯವರು ಮತ್ತೆ ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಮಾತ್ರ ಮುಂದಿನ ಹೆಜ್ಜೆ. ಮೂರು ವಾರ ಯಾಕಂದ್ರೆ, ಮೂರು ದಿನ ಮುಂಚೆ ಹೋಗಿ ತಪ್ಪು ಕಂಡುಹಿಡಿದವರ ಮನೇಲಿ ಏನೇನಾಗುತ್ತೆ ಅಂತ ಈಗಷ್ಟೇ ಕೇಳಿದ್ರಲ್ಲ.

ಚೆಕ್ ಜನವರಿಯಲ್ಲಿ ಅಂಕಲ್ ಕೈ ಸೇರ್ತು. ಅವತ್ತು ಮೀಟರ್ 12 ತೋರಿಸ್ತಿತ್ತು. ಗೃಹಪ್ರವೇಶಕ್ಕೂ ಅವರು ಬಂದಿದ್ರು, ಬೆಡ್‌ರೂಮಿಗೆ ಹೋಗಿ ಎಲ್ಲರಿಗಿಂತ ಮೊದಲು ಆ ಗೋಡೆ ಮೇಲೆ ಕೈ ಇಟ್ಟು ನೋಡಿದ್ದು ಅವರೇ.

ಮೂರನೇದು ಏನಾಯ್ತು ಅಂತೀರಾ? ಬಾಲ್ಕನಿ ಇಳಿಜಾರು? ಗೋಡೆ ಗಲಾಟೆಯಲ್ಲಿ ನಾವೆಲ್ಲರೂ ಅದನ್ನ ಮರೆತೇಬಿಟ್ವಿ. ಎರಡನೇ ಭೇಟಿಯಲ್ಲಿ ಒಂದು ಬಕೆಟ್ ನೀರು ಸುರಿದಿದ್ರೆ ಗೊತ್ತಾಗ್ತಿತ್ತು, ಯಾರೂ ಸುರೀಲಿಲ್ಲ. ಮೊನ್ನೆ ಮಳೆ ಬಂದಾಗ ಅಕ್ಕ ವಿಡಿಯೋ ಕಾಲ್ ಮಾಡಿದ್ಲು. ಭಾವ ಪಂಚೆ ಎತ್ತಿ ಕಟ್ಕೊಂಡು, ವೈಪರ್ ಹಿಡಿದು ಹಾಲ್‌ನಿಂದ ನೀರು ತಳ್ತಾ ಇದ್ರು.